ಹೆಸರಿನ ಕಾಲಂನಲ್ಲಿ ನಾಯಿ

ಏಳು ಜನರಲ್ಲಿ ನಾಲ್ಕನೆಯವನನ್ನು ನೇಣಿಗೆ ಹಾಕಿದ್ದರು. ಅವನ ತೂಗುವ ಕಾಲುಗಳ ಕೆಳಗಿದ್ದ ಕಂದು ಕಲೆಯನ್ನು ಒರೆಸಿ ತೆಗೆಯುವುದು ಆ ಬುಧವಾರದ ನನ್ನ ಮೊದಲ ಕೆಲಸವಾಗಿತ್ತು. ಒರೆಸಬೇಕಾದದ್ದು ಕಂಪ್ಯೂಟರ್ ಪರದೆಯ ಮೇಲೆ, ಮಸಿಯಿಲ್ಲದ ಪೆನ್ನಿನಿಂದ. ಸತ್ತವನು ಮೆಕ್ಸಿಕೋದವನು, ಸತ್ತು ಸುಮಾರು ನಾನೂರೈವತ್ತು ವರ್ಷವಾಗಿತ್ತು. ಒರೆಸುವವನು ಧಾರವಾಡದ ಸಪ್ತಾಪುರದಲ್ಲಿ ಈ ಕೆಲಸಕ್ಕೆಂದೇ ಹಿಡಿದಿದ್ದ ಬಾಡಿಗೆ ಮನೆಯೊಂದರ ಎರಡನೆಯ ಮಹಡಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಎದುರುಮನೆಯ ಕುಕ್ಕರ್ ಐದನೆಯ ಸೀಟಿ ಹೊಡೆದರೂ ಯಾಕೆ ಯಾರೂ ಗ್ಯಾಸ್ ಆರಿಸುತ್ತಿಲ್ಲ ಎಂದು ಚಿಂತೆ ಮಾಡುತ್ತ ಕೂತಿದ್ದ ನಾನು.

ಕೆಲಸದ ರೀತಿ ಹೀಗಿತ್ತು. ನಹುವಾತ್ಲ್ ಎಂಬುದು ಮೆಕ್ಸಿಕೋದ ಮೂಲನಿವಾಸಿಗಳ ಭಾಷೆ. ಸ್ಪೇನಿನವರು ಆ ನೆಲವನ್ನು ಗೆದ್ದುಕೊಂಡ ಮೇಲೂ ಬಹಳ ಕಾಲ ಅಲ್ಲಿನ ಬರಹಗಾರರು ಜನರ ಹೆಸರನ್ನು ತಮ್ಮ ಹಳೆಯ ಪದ್ಧತಿಯಂತೆ ಚಿತ್ರದಲ್ಲೇ ಬರೆಯುತ್ತಿದ್ದರು. ಒಂದು ಮನುಷ್ಯನ ತಲೆ, ಅದರ ಪಕ್ಕದಲ್ಲಿ ಒಂದು ಪುಟ್ಟ ಚಿತ್ರ, ಎರಡನ್ನೂ ಜೋಡಿಸುವ ಕೂದಲೆಳೆಯಷ್ಟು ಸಣ್ಣ ಗೆರೆ. ಚಿತ್ರದಲ್ಲಿ ಹಾವಿದ್ದರೆ ಅವನ ಹೆಸರು ಕೋವಾತ್ಲ್, ಅಂದರೆ ಹಾವು. ಮೊಲವಿದ್ದರೆ ತೋಚ್ತ್ಲಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಹುಲಿ, ಗುಬ್ಬಿ ಎಂದೆಲ್ಲ ಅಡ್ಡಹೆಸರಿರುವ ಸೀಮೆಯಲ್ಲಿ ಸಾಲೆಯ ಹಾಜರಿ ಪುಸ್ತಕವನ್ನೇ ಚಿತ್ರದಲ್ಲಿ ಬರೆದುಬಿಡಬಹುದು.

ಹಳೆಯ ಕೈಬರಹಗಳಲ್ಲಿರುವ ಇಂಥ ಹೆಸರುಗಳನ್ನೆಲ್ಲ ಒಂದೆಡೆ ಸೇರಿಸುತ್ತಿದ್ದ ಹೊರದೇಶದ ತಂಡವೊಂದು ಕೆಲವು ಹಾಳೆಗಳನ್ನು ನಮ್ಮ ಅಕ್ಕೋರಿಗೆ ವಹಿಸಿತ್ತು. ಅಕ್ಕೋರೆಂದರೆ ಇತಿಹಾಸ ಕಲಿಸಿ ನಿವೃತ್ತರಾದವರು, ಮೆಕ್ಸಿಕೋದಲ್ಲಿದ್ದು ಆ ಭಾಷೆ ಕಲಿತು ಬಂದವರು. ಶಾಸನ, ವೀರಗಲ್ಲುಗಳ ಪ್ರತಿ ತೆಗೆದು ಕೈ ಪಳಗಿದವನೆಂದು ಗೆರೆ ತಿದ್ದಲು ನನ್ನನ್ನು ಕರೆದರು. ನಾನು ತಿದ್ದಿದ ಪ್ರತಿ ಚಿತ್ರದ ವಿವರವನ್ನು ಕಾಲಂಗಳಲ್ಲಿ ತುಂಬಲು ಹುಬ್ಬಳ್ಳಿಯ ಗೋಪನಕೊಪ್ಪದಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ನನಗಿಂತ ಹತ್ತೇ ವರ್ಷ ಚಿಕ್ಕವಳು, ಮೊದಲ ದಿನವೇ ನನ್ನನ್ನು ಕಾಕಾ ಎಂದಳು. ಅಂದಿನಿಂದ ನಾನು ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟೆ.

ಈಗ ನಮ್ಮ ಮುಂದಿದ್ದ ಹಾಳೆ ಒಂದು ಫಿರ್ಯಾದು. ಒಂದು ಹಳ್ಳಿಯ ಜನ, ತಮ್ಮ ಮೇಲೆ ದೊರೆತನ ನಡೆಸುತ್ತಿದ್ದ ಸ್ಪೇನಿನವನು ತಮ್ಮವರು ಏಳು ಜನರನ್ನು ಹೇಗೆ ಕೊಂದ ಎಂದು ಚಿತ್ರ ಬರೆದು ನ್ಯಾಯಾಲಯಕ್ಕೆ ಕೊಟ್ಟದ್ದು. ಮೊದಲನೆಯವನನ್ನು ದೊಣ್ಣೆಯಿಂದ ಹೊಡೆದು ತಲೆಬುರುಡೆ ಒಡೆದಿದ್ದರು. ಎರಡನೆಯವನ ಅಂಗಾಲುಗಳು ಬೆಂಕಿಯಲ್ಲಿದ್ದವು, ಅವನ ಬಾಯಿ ತೆರೆದಿತ್ತು. ಮೂರನೆಯವಳು ಹೆಂಗಸು. ಕೂದಲಿಗೆ ಹಗ್ಗ ಕಟ್ಟಿ ಕುದುರೆಯ ಹಿಂದೆ ಎಳೆದದ್ದರಿಂದ ಬೆನ್ನಿನ ತುಂಬ ಕೆಂಪು ಚುಕ್ಕೆಗಳು. ಬರೆದವನು ಯಾರ ಮುಖಕ್ಕೂ ಕಣ್ಣೀರು ಹಾಕಿರಲಿಲ್ಲ. ಹೊಡೆದ ಕೈಯಲ್ಲಿ ಬೆರಳುಗಳು ಎಷ್ಟು, ಹಗ್ಗಕ್ಕೆ ಗಂಟುಗಳು ಎಷ್ಟು ಎಂದು ಎಣಿಸಿ ಬರೆದಿದ್ದ. ಕೋರ್ಟಿಗೆ ಬೇಕಾದದ್ದು ಸಾಕ್ಷಿ ಎಂಬುದು ಅವನಿಗೆ ಗೊತ್ತಿತ್ತು.

ಅದನ್ನು ದಿನವಿಡೀ ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು ನೋಡುವುದು ನನ್ನ ಕೆಲಸ.

"ಮುಂಜಾನಿಂದ ಹೆಣಾ ನೋಡಾಕತ್ತೀರಿ ಕಾಕಾ, ಮ್ಯಾಲೆ ಎರಡು ರೊಟ್ಟಿ ಹೆಂಗ ಇಳಿತಾವ್ರಿ ನಿಮಗ?" ಎಂದಳು ಗೋಪನಕೊಪ್ಪದಾಕೆ.

"ಎರಡs ಇಳ್ಯಾಕತ್ತಾವು. ಮೊದಲ ಮೂರು ತಿಂತಿದ್ನಿ."

ನಗೆಯಾಡಿದೆವಾದರೂ ಗಡುವು ಹತ್ತಿರ ಬಂದಿತ್ತು. ಆ ಹಳ್ಳಿ ಇವತ್ತಿಗೂ ಇದೆ. ಅಲ್ಲಿನ ಸಾಲಿ ಮಾಸ್ತರನೊಬ್ಬ ಅಕ್ಕೋರಿಗೆ ಪತ್ರ ಬರೆದಿದ್ದ. ಊರ ನಡುವೆ ಒಂದು ಕಲ್ಲು ನಿಲ್ಲಿಸಿ ಆ ಏಳು ಜನರ ಹೆಸರು ಕೆತ್ತಿಸುತ್ತಿದ್ದೇವೆ, ಕಲ್ಲುಕುಟಿಗ ಸೋಮವಾರ ಉಳಿ ಹಿಡಿಯುತ್ತಾನೆ, ಶುಕ್ರವಾರದೊಳಗೆ ಹೆಸರುಗಳನ್ನು ಖಚಿತಪಡಿಸಿ ಕಳಿಸಿ ಎಂದು. ಅವರ ಅಜ್ಜಂದಿರ ಅಜ್ಜಂದಿರ ಹೆಸರು ಅವರಿಗೇ ಗೊತ್ತಿರಲಿಲ್ಲ. ಅದು ಸಪ್ತಾಪುರದ ಎರಡನೆಯ ಮಹಡಿಯಿಂದ ಹೋಗಬೇಕಾಗಿತ್ತು.

ಆರು ಹೆಸರು ಸರಾಗವಾಗಿ ಬಂದವು. ಚಿತ್ರಗಳ ಪಕ್ಕದಲ್ಲಿ ಆ ಕಾಲದ ಗುಮಾಸ್ತನೊಬ್ಬ ಹೆಸರುಗಳನ್ನು ಅಕ್ಷರದಲ್ಲೂ ಬರೆದಿದ್ದ. ಏಳನೆಯವನಲ್ಲಿ ತೊಡಕಾಯಿತು. ಅವನಿದ್ದದ್ದು ಹಾಳೆಯ ಬಲತುದಿಯಲ್ಲಿ, ಹಾಳೆ ಅಲ್ಲೇ ಹರಿದಿತ್ತು, ಗುಮಾಸ್ತನ ಅಕ್ಷರ ಹರಿದ ಭಾಗದ ಜೊತೆ ಹೋಗಿತ್ತು. ಉಳಿದದ್ದು ಮೊಣಕಾಲೂರಿದ ಒಬ್ಬ ಮನುಷ್ಯ, ಅವನ ಬಲಕ್ಕೆ ಕಿವಿ ಹಿಂದಕ್ಕೆ ಅಂಟಿದ ಒಂದು ನಾಯಿಯ ತಲೆ, ನಾಯಿಯ ಬಾಯಿಯಿಂದ ಅವನ ಕುತ್ತಿಗೆಗೆ ಹೋದ ಒಂದು ಗೆರೆ, ಅವನ ನೆತ್ತಿಯ ಮೇಲೆ ಬೆರಳಗಲದ ಒಂದು ಕಂದು ಕಲೆ.

ನಮಗೊಂದು ನಿಯಮಗಳ ಕಟ್ಟು ಕೊಟ್ಟಿದ್ದರು. ಅಂಚುಗೆರೆ ಇಲ್ಲದ ಕಂದು ಮಚ್ಚೆಯನ್ನು ಕಲೆ ಎಂದು ತೆಗೆಯಬೇಕು, ಹೆಸರನ್ನು ತಲೆಗೆ ಜೋಡಿಸುವ ಗೆರೆಯನ್ನು ಕಪ್ಪಿನಲ್ಲಿ ತಿದ್ದಬೇಕು. ನಿಯಮ ಕಂಡರೆ ನನಗೆ ಪ್ರೀತಿ. ಚಿಂತೆ ಮಾಡುವವನಿಗೆ ನಿಯಮವೆಂದರೆ ಊರುಗೋಲು. ಕಲೆ ತೆಗೆದೆ. ಗೆರೆ ಸ್ವಲ್ಪ ಕೆಂಪಾಗಿತ್ತು. ಮಸಿ ಮಾಸಿರಬೇಕೆಂದು ಕಪ್ಪಿನಲ್ಲಿ ತಿದ್ದಿದೆ. ನಾಯಿಯ ಮೂಗಿನ ಮೇಲಿದ್ದ ಮೂರು ಸಣ್ಣ ಗೆರೆಗಳನ್ನೂ ಬಿಡದೆ ತಿದ್ದಿ, ಎಂಥ ಅಲಂಕಾರ ಎಂದು ನನ್ನನ್ನೇ ಮೆಚ್ಚಿಕೊಂಡೆ. ಹೆಸರು: ಇತ್ಸ್‌ಕ್ವಿಂತ್ಲಿ. ಅರ್ಥ: ನಾಯಿ.

ಅಕ್ಕೋರು ಗುರುವಾರ ಬಂದು ಕನ್ನಡಕ ಏರಿಸಿ ನೋಡಿದರು.

"ತಿಪ್ಪಣ್ಣ, ನಾಯಿ ಅವರ ಪಂಚಾಂಗದಾಗ ಒಂದು ದಿನದ ಹೆಸರು, ಅದು ಖರೇ. ಹುಟ್ಟಿದ ದಿನಾನ ಹೆಸರು ಇಡತಿದ್ರು. ಆದ್ರ ದಿನದ ಹೆಸರಿಗೆ ಸಂಖ್ಯಾ ತೋರಸೋ ಎಣಿಕಿ ಚುಕ್ಕಿ ಇರಬೇಕಲಾ? ಚುಕ್ಕಿ ಎಲ್ಲೆವ?"

"ಇದs ಹಾಳ್ಯಾಗ ಮೊಲಕ್ಕೂ ಚುಕ್ಕಿ ಇಲ್ರಿ ಅಕ್ಕೋರ. ಗುಮಾಸ್ತ ಮೊಲ ಅಂತನs ಬರದಾನ."

"ಅದೂ ಖರೇ. ಆದ್ರೂ ಯಾಕೋ ಮನಸ್ಸಿಗೆ ಬರವಲ್ದು."

ಆಗ ನಾನು ನನ್ನ ಬತ್ತಳಿಕೆಯ ದೊಡ್ಡ ಬಾಣ ತೆಗೆದೆ. ನನಗಿಂತ ಮುಂಚೆ ನಮ್ಮವ್ವನ ಎರಡು ಕೂಸುಗಳು ತೀರಿಕೊಂಡಿದ್ದವು. ಮೂರನೆಯದು ಉಳಿಯಲಿ ಎಂದು, ಹುಟ್ಟಿದೊಡನೆ ನನ್ನನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಳಿಸಿ, ಸೋದರತ್ತೆಯ ಕೈಯಿಂದ ಎತ್ತಿಸಿ ತಿಪ್ಪಣ್ಣ ಎಂದು ಹೆಸರಿಟ್ಟರು. ಕಸಕ್ಕೆ ಸಮನಾದ ಕೂಸನ್ನು ಸಾವು ಮೂಸಿ ನೋಡುವುದಿಲ್ಲ ಎಂಬ ನಂಬಿಕೆ. ನಮ್ಮ ಓಣಿಯಲ್ಲಿ ಹುಚ್ಚಪ್ಪ, ಕಲ್ಲವ್ವ, ಗುಂಡಪ್ಪ ಎಲ್ಲರೂ ಹೀಗೆ ಉಳಿದವರೇ. "ಅವನ ಅವ್ವನೂ ಹಂಗs ಮಾಡಿರಬೇಕ್ರಿ," ಎಂದೆ. "ಪಾಪ, ಮಗಾ ಉಳೀಲಿ ಅಂತ ನಾಯಿ ಅಂದಾಳ."

ಹೇಳುವಾಗ ನನ್ನ ದನಿ ಒದ್ದೆಯಾಗಿತ್ತು. ಅಕ್ಕೋರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಚುಕ್ಕಿಯ ಮಾತು ಮತ್ತೆ ಎತ್ತಲಿಲ್ಲ. ಗೋಪನಕೊಪ್ಪದಾಕೆ ಸಹ ಚಹಾದ ಲೋಟ ಕೆಳಗಿಟ್ಟಳು. ಜೀವನದಲ್ಲಿ ನಾನು ವಾದ ಗೆದ್ದದ್ದು ಬೆರಳೆಣಿಕೆ. ಗೆದ್ದ ವಾದ ಸರಿಯಾಗಿಯೂ ಇರಬೇಕು ಎಂಬ ಯೋಚನೆಯೇ ಬರಲಿಲ್ಲ. ಶುಕ್ರವಾರ ಸಂಜೆ ಅಕ್ಕೋರ ಸಹಿಯೊಂದಿಗೆ ಏಳು ಹೆಸರು ಹೋದವು.

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ನಾನು ಕೆಲಸಕ್ಕೆಂದು ಒಂದು ತಿರುವಿನಿಂದ ಬರುತ್ತಿದ್ದೆ, ಗೋಪನಕೊಪ್ಪದಾಕೆ ಬಸ್ಸಿಳಿದು ಇನ್ನೊಂದು ತಿರುವಿನಿಂದ. ನಡುವೆ ಕಸದ ರಾಶಿ, ಅದರ ಹತ್ತಿರ ನಾಲ್ಕು ನಾಯಿ. ಬೀದಿನಾಯಿಗಳ ಬಗ್ಗೆ ನಾನು ಹನ್ನೆರಡು ವರ್ಷದಿಂದ ಚಿಂತಿಸುತ್ತಲೇ ಬಂದವನು. ಯಾವ ಓಣಿಯಲ್ಲಿ ಎಷ್ಟಿವೆ, ಯಾವುದರ ಕಿವಿ ಹರಿದಿದೆ ಎಲ್ಲ ಬಲ್ಲೆ. ಬೊಗಳುವುದನ್ನು ನೋಡಿ ಹೆದರಿದ್ದೆ, ಕಚ್ಚುವುದನ್ನು ಹತ್ತಿರದಿಂದ ನೋಡಿರಲಿಲ್ಲ.

ಕಚ್ಚುವ ನಾಯಿ ಬೊಗಳುವುದಿಲ್ಲ. ಒಂದು ಕಂದು ನಾಯಿ ಸದ್ದಿಲ್ಲದೆ ಹಿಂದಿನಿಂದ ಬಂದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಹಾಕಿ ಬಿಡಲಿಲ್ಲ. ಹಿಂಗಾಲುಗಳನ್ನು ನೆಲಕ್ಕೆ ಊರಿ, ಒದ್ದೆ ಬಟ್ಟೆ ಜಾಡಿಸಿದಂತೆ ತಲೆಯನ್ನು ಎಡಕ್ಕೂ ಬಲಕ್ಕೂ ಜಾಡಿಸಿತು. ಅವಳು ಮಕಾಡೆ ಬಿದ್ದಳು. ಉಳಿದ ಮೂರು ಸೀರೆಯ ಸೆರಗಿಗೂ ರೊಟ್ಟಿಯ ಚೀಲಕ್ಕೂ ಬಂದವು. ಅವಳು ಕೂಗಿದ್ದು ನನ್ನನ್ನಲ್ಲ, ತನ್ನ ಅವ್ವನನ್ನು.

ನಾನು ಏನು ಮಾಡಿದೆನೆಂದು ಪ್ರಾಮಾಣಿಕವಾಗಿ ಬರೆಯಬೇಕು. ಮೊದಲು ಒಂದು ಕಾಂಪೌಂಡ್ ಗೋಡೆ ಹತ್ತಿದೆ. ಹತ್ತಿದ ಮೇಲೆ, ಇಷ್ಟು ಎತ್ತರದ ಗೋಡೆ ಈ ವಯಸ್ಸಿನಲ್ಲಿ ಹೇಗೆ ಹತ್ತಿದೆ ಎಂದು ಆಶ್ಚರ್ಯವೂ ಆಯಿತು. ಆಮೇಲೆ ಕೆಳಗೆ ನೋಡಿದೆ. ಅವಳ ಕೈ ಡಾಂಬರನ್ನು ಕೆರೆಯುತ್ತಿತ್ತು. ಹೆಗಲ ಚೀಲದಿಂದ ನನ್ನ ಊಟದ ಸ್ಟೀಲ್ ಡಬ್ಬಿ ತೆಗೆದು ಒಗೆದೆ. ಅದು ನಾಯಿಯ ಪಕ್ಕೆಗೆ ಬಡಿದು ಮುಚ್ಚಳ ಹಾರಿ ಬದನೆಕಾಯಿ ಪಲ್ಯ ಚೆಲ್ಲಾಪಿಲ್ಲಿಯಾಯಿತು. ಬಿಡಲಿಲ್ಲ. ಇಳಿದು ಬಂದು ಬಿದ್ದಿದ್ದ ಇಟ್ಟಿಗೆ ಚೂರೊಂದನ್ನು ಎತ್ತಿ, ಮೊಣಕಾಲೂರಿ, ಅದರ ತಲೆಗೆ ಹೊಡೆದೆ. ಇನ್ನೊಮ್ಮೆ ಹೊಡೆದೆ. ನಾನೂ ಅದೂ ಒಂದು ಗೇಣು ದೂರದಲ್ಲಿದ್ದೆವು. ಅದರ ಕಿವಿ ತಲೆಗೆ ಅಂಟಿದ್ದವು, ಕಣ್ಣು ಅರ್ಧ ಮುಚ್ಚಿದ್ದವು, ಮೂಗಿನ ಮೇಲೆ ಚರ್ಮ ಮಡಿಚಿ ಮೂರು ಗೆರೆ ಎದ್ದಿದ್ದವು. ಮೂರನೆಯ ಏಟಿಗೆ ಎಲುಬಿನ ಸದ್ದು ಕೇಳಿತು. ಬಾಯಿ ಸಡಿಲಾಯಿತು. ಹಲ್ಲು ಹೊರಬಂದ ಕಡೆಯಿಂದ ರಕ್ತ ಸಣ್ಣ ದಾರದಂತೆ ಅವಳ ಹಿಮ್ಮಡಿಯವರೆಗೆ ಇಳಿಯಿತು. ನಾಯಿ ಓಲಾಡುತ್ತ ಹೋಗಿ ಕಸದ ಹತ್ತಿರ ಬಿದ್ದುಕೊಂಡಿತು, ಉಳಿದವು ಓಡಿದವು. ನನ್ನ ಕೈ ಇಟ್ಟಿಗೆಯನ್ನು ಬಿಡಲೊಲ್ಲದು. ಕೂಗು ಕೇಳಿ ಬಂದ ಆಟೋದವನೊಬ್ಬ ಬಿಡಿಸಿದ.

ಆಸ್ಪತ್ರೆಯಲ್ಲಿ ಗಾಯಕ್ಕೆ ಹದಿನೈದು ನಿಮಿಷ ಸಾಬೂನು ನೀರು ಹಾಕಿ ತೊಳೆದರು. ಅವಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಗಾಯದ ಸುತ್ತಲೇ ಸೂಜಿ ಚುಚ್ಚಿದರು. ನಂತರ ಹೊರಗಿನ ಮೇಜಿನ ಮುಂದೆ ಕೂರಿಸಿದರು. ಮೇಜಿನವನು ಉದ್ದನೆಯ ರಿಜಿಸ್ಟರ್ ತೆರೆದ.

"ಹೆಸರ್ರಿ?"

ಅವಳು ಹೇಳಿದಳು. ಬರೆದ.

"ವಯಸ್ಸು? ಊರು?" ಬರೆದ. "ಕಚ್ಚಿದ ಪ್ರಾಣಿ?"

"ನಾಯಿ."

ಅವನು ಅದನ್ನು ಬೇರೆ ಕಾಲಂನಲ್ಲಿ ಬರೆದ.

ನಾನು ಆ ಪುಟವನ್ನೇ ನೋಡುತ್ತ ನಿಂತೆ. ಎಡಗಡೆ ಹೆಸರುಗಳ ಸಾಲು, ಬಲಗಡೆ ನಾಯಿ, ನಾಯಿ, ಬೆಕ್ಕು, ನಾಯಿ, ಮಂಗ್ಯಾ, ನಾಯಿ. ಮನುಷ್ಯ ಒಂದು ಕಡೆ, ಕಚ್ಚಿದ್ದು ಇನ್ನೊಂದು ಕಡೆ. ನಮ್ಮ ಹಾಳೆಯ ಏಳನೆಯವನು ಕಣ್ಣ ಮುಂದೆ ಬಂದ. ಅಂಟಿದ ಕಿವಿ. ಮೂಗಿನ ಮೇಲಿನ ಮೂರು ಗೆರೆ. ನಾಯಿಯ ಬಾಯಿಯಿಂದ ಕುತ್ತಿಗೆಗೆ ಹೋದ ಕೆಂಪು ಎಳೆ. ಸ್ಪೇನಿನವರು ಯುದ್ಧಕ್ಕೆಂದು ದೊಡ್ಡ ನಾಯಿಗಳನ್ನು ತಂದಿದ್ದರು, ಜನರ ಮೇಲೆ ಬಿಟ್ಟು ಕೊಲ್ಲಿಸುತ್ತಿದ್ದರು ಎಂದು ಅಕ್ಕೋರು ಮೊದಲ ವಾರವೇ ಪಾಠ ಮಾಡಿದ್ದರು. ನಾಯಿಯನ್ನು ಹಿಡಿದವನು ಹರಿದ ಭಾಗದಲ್ಲಿದ್ದ, ಅಷ್ಟೇ. ಆ ರಕ್ತವನ್ನು ನಾನು ಕಪ್ಪು ಮಸಿಯಲ್ಲಿ ತಿದ್ದಿ ಹೆಸರಿನ ಗೆರೆ ಮಾಡಿದ್ದೆ. ಕೊಂದ ನಾಯಿಯನ್ನೇ ಸತ್ತವನ ಹೆಸರಿನ ಕಾಲಂನಲ್ಲಿ ಕೂರಿಸಿದ್ದೆ. ಸೋಮವಾರ ಅದನ್ನು ಅವನ ಊರಿನ ನಡುವೆ ಕಲ್ಲಿನಲ್ಲಿ ಕಡೆಯುವವರಿದ್ದರು.

ಮುಂದಿನ ಹತ್ತು ನಿಮಿಷ ನಾನು ಯೋಚಿಸಿದ್ದು ಒಳ್ಳೆಯದಾಗಿರಲಿಲ್ಲ. ಗುಮಾಸ್ತನ ಅಕ್ಷರ ಇಲ್ಲ, ಆದ್ದರಿಂದ ಸುಳ್ಳೆಂದು ತೋರಿಸುವವರಿಲ್ಲ. ಅಕ್ಕೋರು ಒಪ್ಪಿದ್ದಾರೆ. ಸತ್ತವನು ತಕರಾರು ತೆಗೆಯುವುದಿಲ್ಲ. ಬಾಯಿಬಿಟ್ಟರೆ ಈ ಹಾಳೆಯಷ್ಟೇ ಅಲ್ಲ, ನಾನು ತಿದ್ದಿದ ಎಲ್ಲ ಹಾಳೆಗಳ ಮೇಲೂ ಅನುಮಾನ ಬರುತ್ತದೆ, ಕೆಲಸವೇ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ನಮ್ಮವ್ವನ ಕಥೆ ಹೇಳಿ ಅಕ್ಕೋರ ಕಣ್ಣು ಒದ್ದೆ ಮಾಡಿದ್ದೆನಲ್ಲ, ಆ ಮುಖ ಹೊತ್ತು ಮತ್ತೆ ಹೇಗೆ ಹೋಗುವುದು?

"ಕಾಕಾ, ಕಚ್ಚಿದ್ದು ನನಗ. ನಿಮಗ್ಯಾಕ ಬೆವರು?"

ಹೇಳಿದೆ. ಬೆಂಚಿನ ಮೇಲೆ ಕಟ್ಟು ಕಟ್ಟಿದ ಕಾಲು ಚಾಚಿ ಪೂರ್ತಿ ಕೇಳಿದಳು. ಸುಮ್ಮನಿದ್ದರೆ ಹೇಗೆ ಎಂಬ ನನ್ನ ಲೆಕ್ಕಾಚಾರವನ್ನೂ ಹೇಳಿದೆ, ಯಾಕೆಂದರೆ ಒಪ್ಪಿಗೆ ಕೊಡುವವರು ಒಬ್ಬರಾದರೂ ಬೇಕಿತ್ತು.

"ಹಂಗಾರ ಒಂದು ಕೆಲಸಾ ಮಾಡ್ರಿ," ಎಂದಳು. "ಈ ರಿಜಿಸ್ಟರದಾಗೂ ನನ್ನ ಹೆಸರು ಹೊಡದು ನಾಯಿ ಅಂತ ಬರಸ್ರಿ. ನಾ ಸತ್ತ ಮ್ಯಾಲೆ ಅದನ್ನs ಕಲ್ಲಿನ್ಯಾಗ ಕಡಿಸಿ ನಮ್ಮನಿ ಮುಂದ ನಿಲ್ಲಸ್ರಿ. ನನ್ನ ಮಗಳು ದಿನಾ ಹೂವಾ ಏರಸ್ತಾಳ."

ಅಲ್ಲೇ ನಿಂತು ಅಕ್ಕೋರಿಗೆ ಫೋನು ಹಚ್ಚಿದೆ. ಎಲ್ಲ ಹೇಳಿ ಮುಗಿಸಿದೆ.

"ಚುಕ್ಕಿ ಎಲ್ಲೆವ ಅಂತ ಕೇಳಿದ್ನೆಲ್ರಿ."

"ಕೇಳಿದ್ರಿ."

"ನಿಮ್ಮವ್ವನ ಕಥಿ ಹೇಳಿ ನನ್ನ ಬಾಯಿ ಮುಚ್ಚಿಸಿದ್ರಿ."

"ಹೂಂರಿ."

"ಮುಚ್ಚಿಕೊಂಡಾಕಿ ನಾನs. ಸಹಿನೂ ನಂದs ಅದ. ಆಕಿ ಕಾಲು ಹೆಂಗದ ಮೊದಲ ಹೇಳ್ರಿ. ಆಮ್ಯಾಲೆ ನಾಳಿ ಮುಂಜಾನೆ ಬರ್ರಿ. ಸ್ವಚ್ಛ ಮಾಡಿದ್ದು ಬ್ಯಾಡ, ಮೊದಲಿನ ಚಿತ್ರಾನ ತಗೀರಿ."

ಅಕ್ಕೋರು ಅಂದೇ ಆ ಮಾಸ್ತರನಿಗೆ ಬರೆದರು. ಭಾನುವಾರ ಬೆಳಿಗ್ಗೆ ಉತ್ತರ ಬಂದಿತ್ತು, ಓದಿ ಹೇಳಿದರು. ಕಲ್ಲಿನ ಮೇಲೆ ಏಳು ಹೆಸರನ್ನೂ ಸುಣ್ಣದ ಗೆರೆಯಲ್ಲಿ ಬರೆದಾಗಿತ್ತು, ಏಳನೆಯದನ್ನು ಅಳಿಸಿದ್ದೇವೆ. ನಾಯಿ ಎಂಬ ಹೆಸರು ಕೇಳಿ ನಮ್ಮ ಮುದುಕಿಯರಿಗೆ ಬೇಜಾರಾಗಿತ್ತು, ಓದಿದವರು ನೀವಾದ್ದರಿಂದ ಸುಮ್ಮನಿದ್ದೆವು. ಹಾಗಾದರೆ ಅವನ ಹೆಸರೇನು?

ಓದಿದವರು ನೀವು. ಆ ಮಾತು ಇಟ್ಟಿಗೆಗಿಂತ ಜೋರಾಗಿ ತಾಕಿತು.

ಕೈ ಹಚ್ಚದ ಮೂಲಚಿತ್ರ ತೆರೆದೆ. ಈ ಸಲ ನಿಯಮಗಳ ಕಟ್ಟನ್ನು ಕಪಾಟಿನಲ್ಲಿಟ್ಟೆ. ಬಣ್ಣಗಳನ್ನು ಒಂದೊಂದಾಗಿ ಬೇರ್ಪಡಿಸಿ, ಹಸಿರು, ನೀಲಿಯನ್ನು ಪೂರ್ತಿ ಇಳಿಸಿ, ಕೆಂಪಿನ ಪದರನ್ನು ಮಾತ್ರ ಉಳಿಸಿ ಕಂದು ಮಸುಕಾದಾಗ, ನೆತ್ತಿಯ ಮೇಲಿನ ಆ "ಕಲೆ"ಯೊಳಗಿಂದ ಗೆರೆಗಳು ಎದ್ದವು. ನಾನು ಬುಧವಾರ ಮೂರು ನಿಮಿಷದಲ್ಲಿ ಒರೆಸಿ ಹಾಕಿದ ಕಲೆ. ಅದು ಚಿತ್ರಕಾರ ಹಚ್ಚಿದ ರಕ್ತ, ಬಣ್ಣ ಹಳತಾಗಿ ಕಂದಾಗಿತ್ತು. ಕುತ್ತಿಗೆಯಿಂದ ಚಿಮ್ಮಿದ್ದನ್ನು ಅವನು ಹೆಸರಿನ ಮೇಲೆಯೇ ಚಿಮ್ಮಿಸಿ ಬರೆದಿದ್ದ. ರಕ್ತದ ಕೆಳಗೆ ನೀರಿನ ಗುರುತು, ಸುರುಳಿಯಾಗಿ ಹರಿದು ತುದಿಯಲ್ಲಿ ಹನಿಗಳು. ಅದರ ಮೇಲೆ ಐದು ಗರಿಯ ಒಂದು ರೆಕ್ಕೆ. ಅಲ್ಲಿಂದ ತಲೆಯ ಹಿಂಭಾಗಕ್ಕೆ ಬಂದ, ಕೂದಲೆಳೆಯಂಥ, ಕಪ್ಪು ಗೆರೆ. ಹಕ್ಕಿಯ ತಲೆ ಮಾತ್ರ ಇರಲಿಲ್ಲ. ಅಲ್ಲಿ ರಕ್ತದ ಬಣ್ಣ ದಪ್ಪಗಾಗಿ ಒಣಗಿ, ಕಾಗದದ ಪದರನ್ನೇ ಕಿತ್ತುಕೊಂಡು ಉದುರಿತ್ತು.

"ನೀರು ಆತ್ಲ್, ಹಕ್ಕಿ ತೊತೊತ್ಲ್," ಅಕ್ಕೋರು ಪರದೆಯ ಮೇಲೆ ಬೆರಳಿಟ್ಟು ಓದಿದರು. "ಆತೊತೊತ್ಲ್, ನೀರಹಕ್ಕಿ ಅಂತ ಇರಬಹುದು. ಆದ್ರ ತಲಿ ಇಲ್ಲ. ಹದ್ದಾದ್ರ ಹೆಸರs ಬ್ಯಾರೆ ಆಗತದ."

"ರೆಕ್ಕಿ ನೋಡಿದ್ರ ಬಾತುಕೋಳಿ ಹಂಗ ಐತ್ರಿ," ನಾನೆಂದೆ. "ನಮ್ಮ ಕೆಲಗೇರಿ ಕೆರ್ಯಾಗ ಬರತಾವಲ್ರಿ, ಹಂಗ..."

ಭಾನುವಾರವಾದರೂ ಗೋಪನಕೊಪ್ಪದಾಕೆ ಬಂದಿದ್ದಳು, ಸ್ಟೂಲಿನ ಮೇಲೆ ಕಾಲಿಟ್ಟು ಕೂತಿದ್ದಳು. "ಕಾಕಾ," ಎಂದಳು, "ಮತ್ತ ಶುರು ಮಾಡಿದ್ರ್ಯಾ?"

ಬಾಯಿ ಮುಚ್ಚಿದೆ. ಅವಳು ಅರ್ಥದ ಕಾಲಂನಲ್ಲಿ "ಓದಲಾಗಿಲ್ಲ" ಎಂದು ತುಂಬಿದಳು. ಅದೇ ಹಾಳೆಯಲ್ಲಿ "ಕೊಂದದ್ದು" ಎಂದು ಹೊಸದೊಂದು ಕಾಲಂ ಮಾಡಿ, ನನ್ನನ್ನು ಕೇಳದೆ, ನಾಯಿ ಎಂದು ಬರೆದಳು. ಅಕ್ಕೋರು ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಆ ಮಾಸ್ತರನಿಗೆ ತಿಳಿಸಿದರು. ಸಂಜೆಗೆ ಅವನ ಎರಡು ಸಾಲು ಬಂತು. ಓದಲು ಬಾರದಿದ್ದರೆ ಬೇಡ, ನಮ್ಮವನು ಬರೆದ ಹಾಗೆಯೇ ಕೆತ್ತುತ್ತೇವೆ, ಚಿತ್ರ ಕಳಿಸಿ.

ಕಲ್ಲುಕುಟಿಗನ ಅಳತೆಗೆ ದೊಡ್ಡದು ಮಾಡಿ, ಪರದೆಯನ್ನು ಬಿಟ್ಟು, ಟ್ರೇಸಿಂಗ್ ಹಾಳೆಯ ಮೇಲೆ ಕೈಯಿಂದಲೇ ತೆಗೆದೆ. ನೀರು, ಹನಿ, ಐದು ಗರಿ. ರೆಕ್ಕೆಯ ಬುಡ ಮುಗಿದು ಕುತ್ತಿಗೆ ಶುರುವಾಗಬೇಕಾದಲ್ಲಿಗೆ ಬಂದಾಗ ಕೈ ತಾನಾಗಿಯೇ ಮುಂದೆ ಹೋಗಲು ನೋಡಿತು. ಮೂವತ್ತು ವರ್ಷ ಒಡೆದ ಕಲ್ಲುಗಳ ಗೆರೆ ಕೂಡಿಸಿದ ಕೈ ಅದು, ಅದಕ್ಕೆ ಹತ್ತು ಥರದ ಕೊಕ್ಕು ಗೊತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದೆ. ಗೆರೆ ಎಲ್ಲಿ ಕಿತ್ತುಹೋಗಿತ್ತೋ ಅಲ್ಲೇ ನಿಲ್ಲಿಸಿದೆ.

ನಾನು ಹೆದರಿದ್ದೆಲ್ಲ ಆಯಿತು. ಹೊರದೇಶದ ತಂಡ ನಾನು ತಿದ್ದಿದ್ದ ಅಷ್ಟೂ ಹಾಳೆಗಳನ್ನು ವಾಪಸು ಕಳಿಸಿತು. ಮೂರು ತಿಂಗಳು ಕೂತು ಒಂದೊಂದೇ ಕಲೆಯನ್ನು ಮತ್ತೆ ನೋಡಿದೆ. ಇನ್ನೆರಡು ಕಡೆ ಕಲೆಯೆಂದು ರಕ್ತ ಒರೆಸಿದ್ದೆ. ಆ ಕಂದು ನಾಯಿ ಸತ್ತಿತೆಂದು ಚಹಾದಂಗಡಿಯವನು ಹೇಳಿದ. ಅದರ ತಲೆಯ ಸದ್ದು ಈಗಲೂ ಕೈಯಲ್ಲಿದೆ.

ಕಲ್ಲಿನ ಫೋಟೋ ಬಂದ ದಿನ ಮೂವರೂ ಒಂದೇ ಪರದೆಗೆ ಬಗ್ಗಿದೆವು. ನಮ್ಮ ವೀರಗಲ್ಲಿನಷ್ಟೇ ಎತ್ತರ, ಕಪ್ಪು ಕಲ್ಲು. ಬುಡದಲ್ಲಿ ಹಳದಿ ಹೂಗಳು, ಥೇಟ್ ನಮ್ಮ ಚೆಂಡುಹೂವಿನಂಥವು. ಆರು ಸಾಲು ಅಕ್ಷರ. ಏಳನೆಯ ಸಾಲಿನಲ್ಲಿ ನೀರಿನ ಮೇಲೆ ಒಂದು ರೆಕ್ಕೆ, ಅದರಾಚೆ ಕಲ್ಲು ಬರಿದಾಗಿತ್ತು. ಚಿಂತೆಯ ಮನುಷ್ಯನಾದ್ದರಿಂದ ಫೋಟೋ ದೊಡ್ಡದು ಮಾಡಿ ಮೇಲಿನಿಂದ ಕೆಳಗಿನವರೆಗೆ, ಅಂಚಿನಿಂದ ಅಂಚಿಗೆ ಎರಡು ಸಲ ಹುಡುಕಿದೆ.

ನಾಯಿ ಎಲ್ಲೂ ಇರಲಿಲ್ಲ.